ಹೊನ್ನೂರಿಗೆ ಬೆಳಿಗ್ಗೆ ಏನೂ ತಿನ್ನಿಸಬೇಡ

ಹಂಪಯ್ಯಣ್ಣಾ,

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ, ರಾತ್ರಿ ಸಾಲಿಯಲ್ಲಿ ನಾಲ್ಕಕ್ಷರ ಕಲಿತವನು. ಸಿಟ್ಟಾಗಬೇಡ. ನೀನು ಹೊಲದಿಂದ ಬರುವತನಕ ಕಾದರೆ ಬಸ್ಸು ತಪ್ಪುತ್ತದೆ. ತಂಗಿ ಹೊನ್ನೂರಿಗೆ ಒಂದು ಹಾಸಿಗೆ ಗೊತ್ತುಮಾಡಲು ಈಗಲೇ ಬಳ್ಳಾರಿ ದವಾಖಾನೆಗೆ ಹೊರಟೆ. ನಾಳೆ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬಾ. ಅವಳ ಕಂಬಳಿಯನ್ನೂ ತಾ. ಗೇಟಿನ ಹತ್ತಿರ ನಿಂತಿರುತ್ತೇನೆ.

ಬೆಳಿಗ್ಗೆ ಅವಳಿಗೆ ನೀರು ಸಹ ಕೊಡಬೇಡ. ಹೋದ ಸಲ ಅವ್ವ ಹೊಸ್ತಿಲಲ್ಲಿ ಮೊಸರನ್ನ ತಿನ್ನಿಸಿ ಕಳಿಸಿದಳು. ಡಾಕ್ಟರು ತೆಲುಗಿನಲ್ಲಿ "ಏಮಿ ತಿನ್ನಾವಮ್ಮಾ?" ಎಂದು, ಏನು ತಿಂದೆ ಅಂತ ಕೇಳಿದಾಗ ತಂಗಿ ಖರೇ ಹೇಳಿದಳು, ಗಡ್ಡೆಯ ಆಪರೇಷನ್ ನಿಂತುಹೋಯಿತು. ಹೊಟ್ಟೆಯಲ್ಲಿ ಅನ್ನವಿದ್ದರೆ ಕ್ಲೋರೋಫಾರಂ ಕೊಟ್ಟಾಗ ವಾಂತಿಯಾಗಿ ಉಸಿರು ಕಟ್ಟುತ್ತದಂತೆ. ಅವ್ವನಿಗೆ ಇದನ್ನೇ ಹೇಳಿದೆ. "ಬರೇ ಹೊಟ್ಟೀಲಿ ಮಗಳನ್ನ ಮನಿ ದಾಟಿಸಾಕ ನಾನೇನು ಮಲತಾಯೇನಲೇ? ಈ ಸಲ ತಿಂದಿಲ್ಲ ಅಂತ ಹೇಳಿದ್ರ ಆತು" ಅಂದಳು. ಅದಕ್ಕೇ ಈ ಚೀಟಿ ಬರೆದಿಟ್ಟು ಹೋಗುತ್ತಿದ್ದೇನೆ.

ಅವ್ವನ ಕೈ ಹಿಡಿದು ತಡೆಯಬೇಡ, ಅಳುತ್ತಾಳೆ. ಕಲಸಿದ ತುತ್ತಿಗೆ ನೀನೇ ಬಾಯಿ ಒಡ್ಡು. ನಿನ್ನ ಕಣ್ಣು ತಪ್ಪಿಸಿ ತಂಗಿ ತಿಂದಿದ್ದರೆ ದಯವಿಟ್ಟು ಮುಚ್ಚಿಡಬೇಡ, ಇನ್ನೊಂದು ದಿನ ಹೋದರಾಯಿತು.

ಆ ಗಡ್ಡೆ ಎಂಥದೆಂದು ತಂಗಿ ನನ್ನನ್ನು ಕೇಳುತ್ತಲೇ ಇದ್ದಾಳೆ. ಕೊಯ್ದು ನೋಡಬೇಕು ಎಂದಷ್ಟೇ ಡಾಕ್ಟರು ಹೇಳಿದರು. ಅವಳು ಗುಣವಾಗುತ್ತಾಳೋ ಇಲ್ಲವೋ, ನನಗೂ ಗೊತ್ತಿಲ್ಲಣ್ಣಾ.

ಕೆಂಚ