ಆಮೆಯ ದೀಪ ಮತ್ತು ಕತ್ತರಿಸಿದ ಮೂರನೇ ಪಿನ್

ವಿದ್ಯುತ್ ಸಾಮಾನುಗಳ ಸುರಕ್ಷತೆಗೆ ಮುದ್ರೆ ಒತ್ತುವ ಅಧಿಕಾರಿಗಳಿಗೆ,

ಮಾನ್ಯರೇ,

ಈಗ ಸಂಜೆ ಐದು ಗಂಟೆ. ಬೆಳಿಗ್ಗೆ ಒಗೆದ ಬಟ್ಟೆ ಇನ್ನೂ ಒಣಗಿಲ್ಲ. ಮಧ್ಯಾಹ್ನ ಆಮೆಗೆ ಒಣಹುಲ್ಲು ತರಲೆಂದು ಸಾಕುಪ್ರಾಣಿಗಳ ಅಂಗಡಿಗೆ ಹೋಗಿದ್ದೆ. ನನ್ನ ಗಂಡನನ್ನು ಕೊಂದಂಥದೇ ದೀಪವೊಂದು ಅಲ್ಲಿ ನನ್ನ ಕಣ್ಣೆದುರೇ ಇನ್ನೊಬ್ಬರ ಚೀಲ ಸೇರಿತು. ಅದರ ಮೇಲೆ ನಿಮ್ಮ ಮುದ್ರೆ ಇತ್ತು. ದಿನದ ಸಂಗತಿಗಳನ್ನು ಬರೆದು ಮುಚ್ಚಿಡುವುದಷ್ಟೇ ನನಗೆ ಅಭ್ಯಾಸ. ಇವತ್ತಿನದನ್ನು ಮುಚ್ಚಿಡಲಾಗಲಿಲ್ಲ.

ಮಿಯಾಓಲಿ ಊರಿನ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ನನ್ನ ಗಂಡ ಫೂ-ಶೆಂಗ್ ಬಸ್ ಓಡಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಜೊತೆಯಾದದ್ದು ಒಂದು ಆಮೆ. ಅದರ ಬಣ್ಣ ನೋಡಿ ಕೆಸುಗಡ್ಡೆ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಮನೆಗಳಲ್ಲಿ ಮನುಷ್ಯರಿಗೇ ಬೆಚ್ಚಗಿರುವ ಏರ್ಪಾಡಿಲ್ಲ. ಶೀತಗಾಳಿ ಬಂದರೆ ಮೇಲಂಗಿ ತೊಟ್ಟುಕೊಂಡೇ ಊಟಕ್ಕೆ ಕೂರುತ್ತೇವೆ. ಕಳೆದ ಚಳಿಗಾಲದಲ್ಲಿ ಅವರು ಆಮೆಯ ಪೆಟ್ಟಿಗೆಗೆ ಶಾಖದ ದೀಪ ತಂದಾಗ ನಾನು ನಕ್ಕಿದ್ದೆ.

"ಹೆಂಡತಿಗಿಲ್ಲದ ಹೀಟರು ಕೆಸುಗಡ್ಡೆಗೆ ಬಂತಾ?"

"ನೀನು ಶುಂಠಿ ಹಾಕಿ ಬಾತುಕೋಳಿ ಸಾರು ಮಾಡ್ಕೊಂಡು ಕುಡೀತೀಯ ಕಣೇ. ಅದಕ್ಕೆ ಯಾರು ಮಾಡಿಕೊಡ್ತಾರೆ?"

ಆಮೆಗೆ ಬಿಸಿಯಷ್ಟೇ ಸಾಲದು, ತೇವವೂ ಬೇಕು. ಒಂದು ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಬರಿಗಾಲಲ್ಲಿ ನಿಂತು ಪೆಟ್ಟಿಗೆಯೊಳಗೆ ನೀರು ಚಿಮುಕಿಸುತ್ತಿದ್ದರು. "ಸೌತೆಕಾಯಿ ಇದ್ರೆ ಒಂದು ಚೂರು ತಾರೇ" ಎಂದು ಕೂಗಿದರು. ನಾನು ಹೆಚ್ಚಿಕೊಂಡು ಹೋಗುವಷ್ಟರಲ್ಲಿ ಬಿದ್ದಿದ್ದರು. ದೀಪದ ತಗಡಿನ ಟೋಪಿಯನ್ನು ಒದ್ದೆ ಕೈಯಲ್ಲಿ ಸರಿಸಿದ್ದರಂತೆ. ಬೆಳಕಿನ ಬಲ್ಬಿಗೆಂದು ಮಾಡಿದ ಪ್ಲಾಸ್ಟಿಕ್ ಹೋಲ್ಡರು ಶಾಖದ ಬಲ್ಬಿನ ಬಿಸಿ ತಾಳದೆ ಕರಗಿತ್ತು. ಒಳಗಿನ ತಂತಿ ತಗಡಿಗೆ ತಾಗಿಕೊಂಡಿತ್ತು. ಅಂಥ ಹೊತ್ತಿನಲ್ಲಿ ವಿದ್ಯುತ್ತನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸಬೇಕಾದದ್ದು ಪ್ಲಗ್ಗಿನ ಮೂರನೇ ಪಿನ್. ಆ ಪಿನ್ ಇರಲಿಲ್ಲ. ಕೊಳ್ಳುವಾಗಲೇ ಕತ್ತರಿಸಿದ್ದರಿಂದ ಅದು ಅಂಗಡಿಯಲ್ಲೇ ಉಳಿದಿತ್ತು.

ನಿಮಗೆ ಬರೆದೆ. ಉತ್ತರವೂ ಬಂತು, ಎಂಥ ಸೊಗಸಾದ ಉತ್ತರ! ಆ ದೀಪ 'ಮೇಜಿನ ದೀಪ'ವೆಂದು ತಪಾಸಣೆಯಾಗಿ ಒಪ್ಪಿಗೆ ಪಡೆದಿದೆಯಂತೆ. ಅದರಿಂದ ಪ್ರಾಣಿಗೆ ಶಾಖ ಕೊಟ್ಟದ್ದು ಬಳಕೆದಾರರ ತಪ್ಪಂತೆ. ಮಾನ್ಯರೇ, ಆ ದೀಪ ಬಂದ ರಟ್ಟಿನ ಡಬ್ಬಿಯ ಮೇಲೆ ನಗುತ್ತಿರುವ ಆಮೆಯ ಚಿತ್ರವಿದೆ. ಶಾಖದ ಬಲ್ಬನ್ನು ಅದೇ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಆ ಆಮೆ ಪರೀಕ್ಷೆಗೆ ಓದಲು ಕುಳಿತಿದೆಯೆಂದು ಭಾವಿಸಿದಿರಾ? ಶಾಖದ ಉಪಕರಣವೆಂದು ಏಕೆ ಪರೀಕ್ಷಿಸಲಿಲ್ಲವೆಂದು ಕೇಳಿದರೆ, ಶಾಖದ ಉಪಕರಣಗಳ ಪಟ್ಟಿ ಮನುಷ್ಯರ ಕೋಣೆ ಬೆಚ್ಚಗಾಗಿಸುವ ಸಾಮಾನುಗಳಿಗೆ ಮಾತ್ರವಂತೆ. ಪ್ರಾಣಿಗಳ ಇಲಾಖೆಯವರನ್ನು ಕೇಳಿದೆ. ಅವರ ಪಟ್ಟಿಯಲ್ಲಿ ನಾಯಿ ಇದೆ, ಬೆಕ್ಕಿದೆ, ಆಮೆ ಇಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ವಸ್ತುವೊಂದು ನನ್ನ ಬಾಲ್ಕನಿಯಲ್ಲಿ ಹೇಗೆ ನೇತಾಡುತ್ತಿತ್ತು ಎಂಬುದನ್ನು ಈವರೆಗೆ ಯಾರೂ ನನಗೆ ಹೇಳಿಲ್ಲ.

ಪಿನ್ ಕತ್ತರಿಸಿದ್ದು ಕಾನೂನುಬಾಹಿರ ಎಂದೂ ಬರೆದಿದ್ದೀರಿ. ಸರಿ. ಆದರೆ ನಮ್ಮ ಓಣಿಯ ಗೋಡೆಗಳಲ್ಲಿರುವುದು ಎರಡು ತೂತಿನ ಪ್ಲಗ್ ಪಾಯಿಂಟುಗಳು. ಆ ಮನೆಗಳಿಗೂ ಸರ್ಕಾರದವರೇ ಒಪ್ಪಿಗೆ ಕೊಟ್ಟರು. ಮೂರು ಪಿನ್ನಿನ ದೀಪಕ್ಕೂ ಸರ್ಕಾರದವರೇ ಒಪ್ಪಿಗೆ ಕೊಟ್ಟರು. ಒಂದು ಇನ್ನೊಂದರೊಳಗೆ ಹೋಗುವುದಿಲ್ಲ. ನಡುವೆ ಉಳಿಯುವುದು ಇಕ್ಕುಳ ಒಂದೇ. ನಮ್ಮಲ್ಲಿ ಅಕ್ಕಿ ಬೇಯಿಸುವ ಪಾತ್ರೆಯಿಂದ ಬಟ್ಟೆ ಒಗೆಯುವ ಯಂತ್ರದವರೆಗೆ ಎಲ್ಲದರ ಮೂರನೇ ಪಿನ್ ಮುರಿದೇ ಮನೆಯೊಳಗೆ ತರುತ್ತಾರೆ. ಇದು ನಿಮಗೆ ಗೊತ್ತಿಲ್ಲವೆಂದರೆ ನೀವು ಈ ನಾಡಿನ ಯಾರ ಮನೆಗೂ ಊಟಕ್ಕೆ ಹೋಗಿಲ್ಲವೆಂದೇ ಅರ್ಥ.

ಇವತ್ತು ಅಂಗಡಿಯಲ್ಲಿ ನನ್ನ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ಬಾಡಿಗೆ ಕೋಣೆಯಲ್ಲಿ ಸಾಕಿರುವ ಗಡ್ಡದ ಓತಿಕ್ಯಾತಕ್ಕೆ ಅಂಥದೇ ದೀಪ ಕೊಳ್ಳಲು ಬಂದಿದ್ದಳಂತೆ.

"ಮನೇಲಿ ಎರಡು ತೂತಾ, ಮೂರಾ?" ಅಂಗಡಿಯ ಅ-ಲಿಯಾಂಗ್ ಕೇಳಿದ.

"ಎರಡೇ ಅಣ್ಣ. ಹಳೇ ಕಟ್ಟಡ."

"ಕೊಡು ಇಲ್ಲಿ. ಒಂದು ಹಲ್ಲು ಕಿತ್ತುಕೊಡ್ತೀನಿ. ನೋವಾಗಲ್ಲ, ಫೀಸೂ ಇಲ್ಲ!"

ದಾರ ಕಟ್ಟಿ ಗಲ್ಲಾದ ಪಕ್ಕ ತೂಗುಹಾಕಿದ್ದ ಇಕ್ಕುಳ ತೆಗೆದುಕೊಂಡ. ಹುಡುಗಿ ನಗುತ್ತಿದ್ದಳು.

"ಬೇಡ, ಕತ್ತರಿಸಬೇಡ," ಎಂದೆ. ಅಷ್ಟರಲ್ಲಿ ಪಿನ್ ನೆಲಕ್ಕೆ ಬಿದ್ದು ಸದ್ದಾಯಿತು.

ಅ-ಲಿಯಾಂಗ್ ತಿರುಗಿ ನೋಡಿ ನನ್ನ ಗುರುತು ಹಿಡಿದ. ಮುಖ ಇಳಿಯಿತು. "ಅತ್ತಿಗೇ... ನಾನು ಕತ್ತರಿಸದೆ ಹೋದ್ರೆ ಆಚೆ ಬೀದಿಯವನು ಕತ್ತರಿಸ್ತಾನೆ. ಮುದ್ರೆ ಇರೋ ಮಾಲು ಅತ್ತಿಗೆ, ನಾನೇನು ಕದ್ದು ಮಾರ್ತಿದ್ದೀನಾ?"

ನಾನು ಹುಡುಗಿಗೆ ಹೇಳಿದೆ: "ಇದನ್ನ ಹಾಕಬೇಡಮ್ಮ. ಬಿಸಿನೀರಿನ ಚೀಲ ಇಡು, ಕಂಬಳಿ ಸುತ್ತು."

"ಅದು ಎರಡು ದಿನದಿಂದ ಏನೂ ತಿಂದಿಲ್ಲ ಆಂಟಿ," ಎಂದಳು. ಮರ್ಯಾದೆಯಿಂದ ತಲೆಬಾಗಿಸಿ, ದೀಪವನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಹೋದಳು. ಅವಳ ಹೆಸರು ನಾನು ಕೇಳಲಿಲ್ಲ. ಯಾವ ಓಣಿಯವಳೋ ಗೊತ್ತಿಲ್ಲ. ಪತ್ರಿಕೆಯಲ್ಲಾದರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮಗಳೇ, ಆ ದೀಪವನ್ನು ಪ್ಲಗ್ಗಿನಿಂದ ಕಿತ್ತುಬಿಡು.

ಮಾನ್ಯರೇ, ನನ್ನ ಗಂಡನನ್ನು ನೀವು ವಾಪಸು ಕೊಡಲಾರಿರಿ. ಕ್ಷಮೆಯೂ ನನಗೆ ಬೇಡ. ಶಾಖ ಕೊಡುವ ದೀಪವನ್ನು ಶಾಖ ಕೊಡುವ ದೀಪವೆಂದೇ ಪರೀಕ್ಷಿಸಿ. ಪಿಂಗಾಣಿ ಹೋಲ್ಡರು ಇಲ್ಲದ, ಸೋರುವ ವಿದ್ಯುತ್ತನ್ನು ತಕ್ಷಣ ಕಡಿದುಹಾಕುವ ಸ್ವಿಚ್ಚು ಪ್ಲಗ್ಗಿನಲ್ಲೇ ಇಲ್ಲದ ದೀಪಕ್ಕೆ ಮುದ್ರೆ ಒತ್ತಬೇಡಿ. ಈಗಾಗಲೇ ಅಂಗಡಿಯಲ್ಲಿರುವ ಡಬ್ಬಿಗಳನ್ನು ಹಿಂದಕ್ಕೆ ತರಿಸಿ. ಮುಂದಿನ ಸಭೆಯಲ್ಲಿ ಚರ್ಚಿಸುತ್ತೇವೆ ಎಂದು ಬರೆಯಬೇಡಿ. ಚಳಿ ನಿಮ್ಮ ಸಭೆಗೆ ಕಾಯುವುದಿಲ್ಲ.

ಕೆಸುಗಡ್ಡೆ ಈಗ ನನ್ನ ಕಾಲ ಬಳಿ, ಬಿಸಿನೀರಿನ ಚೀಲಕ್ಕೆ ಒರಗಿ ಮಲಗಿದೆ. ನಾಳೆ ಶೀತಗಾಳಿ ಬರುತ್ತದೆಂದು ರೇಡಿಯೋದಲ್ಲಿ ಹೇಳಿದರು. ಇಕ್ಕುಳ ತೂಗುತ್ತಿರುವ ಆ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ.

ಇಂತಿ,
ನಿಮ್ಮ ಯಾವ ಪಟ್ಟಿಯಲ್ಲೂ ಇಲ್ಲದ ಆಮೆಯನ್ನು ಒಬ್ಬಳೇ ಸಾಕುತ್ತಿರುವ
ಪೆಂಗ್ ಶಿಯು-ಯುನ್