ಮೊಳೆಯದ ರಾಗಿ

ಪಾಲಿಬೆಟ್ಟ
ಡಿಸೆಂಬರ್ ೨೦, ಶನಿವಾರ

ಚಿನ್ನಿಯ ಪಪ್ಪನಿಗೆ,

ಹೇಗಿದ್ದೀರಿ ಎಂದು ಕೇಳಿ ಶುರು ಮಾಡಬೇಕು. ಅಷ್ಟು ಉಪಚಾರಕ್ಕೂ ನನ್ನಲ್ಲಿ ತ್ರಾಣ ಉಳಿದಿಲ್ಲ. ನಾಳೆ ಬೆಳಿಗ್ಗೆ ಡ್ರೈವರ್ ಸೋಮಯ್ಯ ಎಸ್ಟೇಟಿನ ಜೀಪು ತೆಗೆದುಕೊಂಡು ಮಡಿಕೇರಿಗೆ ಬರುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪ್ರತಿ ಭಾನುವಾರ ನೀವು ಚಿನ್ನಿಯ ಜೊತೆ ಅರ್ಧ ಗಂಟೆ ಹರಟಿ, ಫೋನು ನನ್ನ ಕೈಗೆ ಬಂದ ಕೂಡಲೇ 'ಸರಿ, ಇಡ್ತೀನಿ' ಅನ್ನುತ್ತೀರಿ. ನಾನೂ 'ಹ್ಞೂಂ, ಇಡಿ' ಅನ್ನುತ್ತೇನೆ. ಒಂದು ವರ್ಷದಿಂದ ನಮ್ಮ ಸಂಸಾರ ಇಷ್ಟರಲ್ಲೇ ನಡೆದಿದೆ.

ಈಗ ಮಧ್ಯಾಹ್ನ. ಎಸ್ಟೇಟಿನ ಕ್ರೆಶ್‌ನಲ್ಲಿ ನಾನು ನೋಡಿಕೊಳ್ಳುವ ಹತ್ತೊಂಬತ್ತು ಮಕ್ಕಳೂ ಮಲಗಿವೆ. ಕಾಫಿ ಪಿಕ್ಕಿಂಗ್ ಶುರುವಾದ ಮೇಲೆ ಲೈನ್ ಮನೆಗಳ ಹೆಂಗಸರು ಏಳೂವರೆಗೆಲ್ಲ ಮಕ್ಕಳನ್ನು ತಂದು ಬಿಟ್ಟು ತೋಟಕ್ಕೆ ಹೋಗುತ್ತಾರೆ. ಒಂದು ಎದ್ದು ಅತ್ತರೆ ಉಳಿದ ಹದಿನೆಂಟೂ ಏಳುತ್ತವೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಮೊದಲು ಅತ್ತೆಯ ಸುದ್ದಿ. ಕಾಲಿನ ಬಾವು ಇಳಿದಿಲ್ಲ. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಈ ಸಲದ ಕ್ರಿಸ್‌ಮಸ್ಸನ್ನು ಮಂಚದ ಮೇಲಿಂದಲೇ ನಡೆಸುತ್ತಿದ್ದಾರೆ. ಕಲ್‌ಕಲ್ ಸಿಹಿತಿಂಡಿಗೆ ತೆಂಗಿನ ಹಾಲು ಎಷ್ಟು ಹಾಕಿದೆ, ಹಿಟ್ಟು ಒತ್ತಲು ಹೊಸ ಬಾಚಣಿಗೆ ತಂದೆಯಾ ಇಲ್ಲ ತಲೆ ಬಾಚಿದ್ದನ್ನೇ ತೊಳೆದೆಯಾ, ಎಲ್ಲಕ್ಕೂ ಜವಾಬು ಕೊಡಬೇಕು. ಶಿರಂಗಾಲದ ರೈತರ ಮನೆಯ ಹುಡುಗಿ ನಾನು. ಎಳ್ಳು ಬೆಲ್ಲ ಬೆರೆಸುವುದು ಬಿಟ್ಟರೆ ಬೇರೆ ಹಬ್ಬದ ಕೆಲಸ ಗೊತ್ತಿರಲಿಲ್ಲ. ಈಗ ನಿಮ್ಮ ಮನೆಯ ಹಬ್ಬ ನಿಮಗಿಂತ ಚೆನ್ನಾಗಿ ನನಗೇ ಬರುತ್ತದೆ. ಬೇಕು ಅಂತ ಕಲಿತದ್ದಲ್ಲ, ಮಾಡುವವರು ಇನ್ಯಾರೂ ಇಲ್ಲವಲ್ಲ.

ಕಲ್‌ಕಲ್ ಹಿಟ್ಟನ್ನು ನಾವೆಲ್ಲ ಸುತ್ತ ಕೂತು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುತ್ತಿದ್ದೆವು. ನೀವು ಕರಿಯುವ ಮುಂಚೆಯೇ ಅರ್ಧ ತಿನ್ನುತ್ತಿದ್ದಿರಿ. ಈ ಸಲ ಚಿನ್ನಿ ನಾಲ್ಕು ಒತ್ತಿ ಕೈ ನೋವು ಅಂತ ಎದ್ದಳು. ಉಳಿದದ್ದನ್ನು ನಾನೊಬ್ಬಳೇ ಒತ್ತಿ ಕರಿದು ಡಬ್ಬಕ್ಕೆ ತುಂಬಿದೆ. ನಕ್ಷತ್ರವನ್ನೂ ಕಟ್ಟಿದ್ದೇನೆ, ವಾಲಿದೆ. ಗೋದಲಿಗೆ ಹಾಸಲು ಮರದ ಪಾಚಿ ಕಿತ್ತು ತರಲು ಚಿನ್ನಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವವರು ಇಲ್ಲವಾದ್ದರಿಂದ ಕಟ್ಟೆಯ ಮೇಲಿನ ಪಾಚಿಯನ್ನೇ ಕೆರೆದು ತಂದೆವು. ಗೋದಲಿಯ ಕೊಟ್ಟಿಗೆಯಲ್ಲಿ ಇಡುವ ಗೊಂಬೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಒರೆಸಿಟ್ಟಿದ್ದೇನೆ. ಒಂಟೆಯ ಕಾಲು ಮತ್ತೆ ಮುರಿದಿತ್ತು, ಅಂಟಿಸಿದೆ. ಎಲ್ಲವೂ ಸರಿಯಾಗಿವೆ.

ಸರಿಯಾಗದೇ ಹೋದದ್ದು ಗೋದಲಿಯ ಗದ್ದೆ. ಹಬ್ಬಕ್ಕೆ ಹನ್ನೆರಡು ದಿನ ಮುಂಚೆ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದರೆ, ಇಪ್ಪತ್ತನಾಲ್ಕಕ್ಕೆ ಬೆರಳುದ್ದ ಪೈರು ಬರಬೇಕು. ಅದಕ್ಕೆ ರಾಗಿ ನನ್ನ ತವರಿನಿಂದಲೇ ಬರುತ್ತಿತ್ತು. ಪ್ರತಿ ವರ್ಷವೂ ಅಪ್ಪ ಚೀಲ ಕೊಡುವಾಗ 'ನಿಮ್ ದೇವ್ರಿಗೂ ನಮ್ ರಾಗೀನೇ ಆಗ್ಬೇಕು ನೋಡವ್ವ' ಅಂತ ಕಿಚಾಯಿಸುತ್ತಿದ್ದದ್ದು ನಿಮಗೂ ನೆನಪಿರಬಹುದು. ಈ ಸಲ ಸುಗ್ಗಿಯ ಗಡಿಬಿಡಿಯಲ್ಲಿ ಅವರು ಕಳಿಸುವುದು ತಡವಾಯಿತು. ನಾನು ಕ್ರೆಶ್‌ಗೆ ಬಂದ ಹೊತ್ತಿನಲ್ಲಿ ಅಜ್ಜಿಯೂ ಮೊಮ್ಮಗಳೂ ಸೇರಿ, ಚಿನ್ನಿ ಸ್ಟೂಲು ಹತ್ತಿ ಅಡುಗೆಮನೆಯ ಅಟ್ಟದಿಂದ ಇಳಿಸಿದ ಡಬ್ಬದ ರಾಗಿಯನ್ನು ಎಂಟು ಚಿಪ್ಪುಗಳಲ್ಲಿ ಬಿತ್ತಿದರು.

ದಿನಾ ನೀರು ಹಾಕಿದ್ದೇ ಹಾಕಿದ್ದು. ಒಂದೂ ಮೊಳೆಯಲಿಲ್ಲ. ಅತ್ತೆ ಬೆಳಗಾದರೆ 'ಅನೂ, ಗದ್ದೆ ಹಸಿರಾಯ್ತಾ?' ಅನ್ನುವರು. 'ಆಗ್ತಾ ಉಂಟು ಅತ್ತೆ' ಅನ್ನುವೆ ನಾನು. ಆರನೇ ದಿನ ಮುಟ್ಟಿ ನೋಡಬೇಕು, ತಾ ಎಂದರು. ಏನು ಮಾಡಲಿ? ಅಂಗಳದ ಗರಿಕೆ ಕಿತ್ತು ಚಿಪ್ಪಿನಲ್ಲಿ ನೆಟ್ಟು ಅವರ ಬೆರಳಿಗೆ ಹಿಡಿದೆ. ಸವರಿ ನೋಡಿ 'ಈ ವರ್ಷದ ರಾಗಿ ಸ್ವಲ್ಪ ಒರಟು' ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಚಿಪ್ಪು ಎತ್ತಿಕೊಂಡು ಹೊರಗೆ ಬಂದೆ.

ಮೊನ್ನೆ ಗುರುವಾರ ಚಿನ್ನಿಯನ್ನು ಕೂರಿಸಿಕೊಂಡು ಯಾವ ಡಬ್ಬದ ರಾಗಿ ಎಂದು ಕೇಳಿದೆ. ತೋರಿಸಿದಳು. ಹೋದ ವರ್ಷ ಅತ್ತೆ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಇಟ್ಟಿದ್ದರಲ್ಲ, ಹುಟ್ಟುವ ಮಗುವಿಗೆ ರಾಗಿ ಸರಿ ಕಾಯಿಸಲು ಎಂದು, ಅದೇ ಡಬ್ಬ. ಒಮ್ಮೆ ಮೊಳೆತು ಬೆಂಕಿ ಕಂಡದ್ದು ಇನ್ನೊಮ್ಮೆ ಎಲ್ಲಿ ಮೊಳೆಯುತ್ತದೆ? ಅತ್ತೆಗೆ ಕಣ್ಣಿಲ್ಲ, ಚಿನ್ನಿಗೆ ಏಳು ವರ್ಷ. ತಪ್ಪು ನನ್ನದು. ಆ ಡಬ್ಬವನ್ನು ಆಗಲೇ ಯಾರಿಗಾದರೂ ಕೊಟ್ಟುಬಿಡಬೇಕಿತ್ತು. ಕೊಡಲು ಮನಸ್ಸು ಬರಲಿಲ್ಲ, ಕಣ್ಣೆದುರು ಇಟ್ಟುಕೊಳ್ಳಲೂ ಆಗಲಿಲ್ಲ. ಅಟ್ಟದ ಮೇಲೆ ಇಟ್ಟು ಮರೆತವಳ ಹಾಗೆ ಇದ್ದೆ.

ಆ ಡಬ್ಬ ಕೈಗೆ ಬಂದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಹೋದ ವರ್ಷ ಇಪ್ಪತ್ತಮೂರರಂದು ನೀವು ನಿಮ್ಮ ಜೀಪಿನಲ್ಲಿ ಟೂರಿಸ್ಟರನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟಾಗ 'ಹೋಗ್ಲಾ, ಬೇಡ್ವಾ?' ಎಂದು ಎರಡು ಸಲ ಕೇಳಿದಿರಿ. 'ಹೋಗಿ, ನಂಗೇನಾಗಿದೆ' ಎಂದೆ. ಹಿಂದಿನ ದಿನ ಸಂಜೆಯಿಂದಲೇ ನನಗೆ ಸೊಂಟ ಹಿಡಿದಿತ್ತು. ಏಳನೇ ತಿಂಗಳು, ಸುಸ್ತಿಗೆ ಹಾಗಾಗಿದೆ ಅಂದುಕೊಂಡೆ. ಹಬ್ಬದ ಕೆಲಸ ಅಷ್ಟೂ ಬಾಕಿ ಇತ್ತು, ಹೇಳಿದರೆ ಅತ್ತೆ ಮಲಗಿಸಿಬಿಡುತ್ತಾರೆ ಎಂದು ಅವರಿಗೂ ಹೇಳಲಿಲ್ಲ. ಮಧ್ಯಾಹ್ನ ಎಲ್ಲ ಕೈಮೀರಿದ ಮೇಲೆ ನಿಮಗೆ ಫೋನು ಮಾಡಿದರೆ ಬೆಟ್ಟದ ಮೇಲೆ ರೇಂಜ್ ಇಲ್ಲ. ಮಾರನೇ ದಿನ ಆಸ್ಪತ್ರೆಯಲ್ಲಿ ಎಲ್ಲರ ಎದುರಿಗೆ 'ನಿಮ್ಮಿಂದಲೇ ನನ್ನ ಮಗ ಹೋದ, ಇನ್ನು ಮನೆಗೆ ಬರಬೇಡಿ' ಎಂದೆ. ನೀವು ಮನೆಯಿಂದ ಬಟ್ಟೆಬರೆ ತೆಗೆದುಕೊಂಡು ಮಡಿಕೇರಿಗೆ ಹೊರಟುಹೋದಿರಿ. ಹೇಳಿದ ಹಾಗೇ ನಡೆದುಕೊಂಡಿರಿ.

ಸೊಂಟ ನೋವಿನ ವಿಷಯ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನೀವು ಹೋದದ್ದರಿಂದ ಆದದ್ದಲ್ಲ, ನಾನು ಬಾಯಿ ಬಿಡದೆ ಇದ್ದದ್ದರಿಂದ ಆಗಿರಬಹುದು. ಯಾವುದರಿಂದಲೂ ಆಗದೆ ಸುಮ್ಮನೇ ಆಗಿರಲೂಬಹುದು, ಡಾಕ್ಟರು ಹಾಗೆಯೇ ಹೇಳಿದ್ದರು. ಯಾರ ಮೇಲಾದರೂ ಹೊರಿಸದಿದ್ದರೆ ಆ ದಿನ ನನಗೆ ಉಸಿರಾಡಲು ಆಗುತ್ತಿರಲಿಲ್ಲ. ನೀವು ಎದುರಿಗಿದ್ದಿರಿ. ಈಗ ಕೋಪ ಇಟ್ಟುಕೊಳ್ಳುವುದಕ್ಕೂ ಸಾಕಾಗಿಹೋಗಿದೆ. ದಿನಾ ಹತ್ತೊಂಬತ್ತು ಕೂಸುಗಳ ಮುಖ ಒರೆಸಿ ಮನೆಗೆ ಬರುತ್ತೇನೆ. ನನ್ನದನ್ನು ಒರೆಸಿಕೊಳ್ಳಲು ಹೊತ್ತಿಲ್ಲ.

ಇಪ್ಪತ್ತನಾಲ್ಕರ ಸಂಜೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಗೋದಲಿಯ ತೊಟ್ಟಿಲಲ್ಲಿ ಬಾಲಯೇಸುವನ್ನು ಮಲಗಿಸುವುದು ಮನೆಯ ಮಗನ ಕೆಲಸ. ಹೋದ ವರ್ಷ ಯಾರೂ ಮಲಗಿಸಲಿಲ್ಲ. 'ಈ ಸಲ ಯಾರು ಇಡ್ತಾರೆ?' ಎಂದು ಅತ್ತೆ ಕೇಳಿದರು. ನೀವು ಬರುತ್ತೀರಿ ಎಂದುಬಿಟ್ಟೆ. ಅವರಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ, ಇದೊಂದನ್ನು ಸುಳ್ಳು ಮಾಡಬೇಡಿ. ನಿಮಗೆ ಈಗ ಸೀಸನ್, ಟ್ರಿಪ್ ಒಪ್ಪಿಕೊಂಡಿರುತ್ತೀರಿ ಎಂದು ಗೊತ್ತು. ಒಂದು ಸಂಜೆಯಾದರೂ ಬನ್ನಿ. ಅತ್ತೆಗೋಸ್ಕರ ಬನ್ನಿ.

ಅಪ್ಪ ಕಳಿಸಿದ ರಾಗಿ ನಿನ್ನೆ ಬಸ್ಸಿನಲ್ಲಿ ಬಂತು. ಹಳೆಯ ಮಣ್ಣು ಚೆಲ್ಲಿ ಹೊಸದಾಗಿ ಬಿತ್ತಿ, ಚಳಿ ತಾಗದಂತೆ ಗೋಣಿ ಮುಚ್ಚಿ ಒಲೆಯ ಪಕ್ಕ ಇಟ್ಟಿದ್ದೇನೆ. ಐದು ದಿನದಲ್ಲಿ ಎಷ್ಟು ಬರುತ್ತದೋ ಅಷ್ಟೇ.

ಒಂದು ಕೂಸು ಎದ್ದಿತು. ಇನ್ನು ಬರೆಯಲು ಬಿಡುವುದಿಲ್ಲ.

ಇಂತಿ,
ಚಿನ್ನಿಯ ಅಮ್ಮ
ಅನುಶ್ರೀ

ಮರೆತ ಮಾತು: ಗೊಂಬೆಗಳೆಲ್ಲ ಸರಿಯಾಗಿವೆ ಎಂದು ಮೇಲೆ ಬರೆದದ್ದು ನಿಜವಲ್ಲ. ಬಾಲಯೇಸು ಪೆಟ್ಟಿಗೆಯಲ್ಲಿಲ್ಲ. ಎಲ್ಲಿದೆ ಎಂದು ನನಗೆ ಜೂನ್ ತಿಂಗಳಿಂದಲೇ ಗೊತ್ತು. 'ಅಣ್ಣ ಅದ್ನ ಕರ್ಚೀಫಲ್ಲಿ ಸುತ್ತಿ ಅವ್ರ ಜೀಪಲ್ಲಿ ಮಡೀಕೊಂಡವ್ರೆ ಅಕ್ಕ, ಯಾರ್ಗೂ ಮುಟ್ಟೋಕೆ ಬಿಡಲ್ಲ' ಎಂದು ಸೋಮಯ್ಯ ಹೇಳಿದ್ದ. ಅವತ್ತೇ ಕಾಗದ ಬರೆಯಬೇಕಿತ್ತು. ಈಗ ಅವನ ಕೈಯಲ್ಲಿ ಅದನ್ನು ಕಳಿಸಿಬಿಡಬೇಡಿ. ನೀವೇ ತನ್ನಿ. ಅತ್ತೆಗೋಸ್ಕರ ಎಂದು ಬರೆದದ್ದೂ ಪೂರ್ತಿ ನಿಜವಲ್ಲ.