ಎಡಗಡೆ ಗುಂಬಕ್ಕೆ ಒಂದು ಏಡಿ

೧೨ ಜನವರಿ ೧೯೪೩, ಮಂಗಳವಾರ. ಮಳವಳ್ಳಿ.

ಸ್ವಸ್ತಿ ಶ್ರೀಮತ್ ಸಮಸ್ತ ಗ್ರೀಸುಮಂಡಲಾಧೀಶ್ವರ, ತುಕ್ಕುಕುಲತಿಲಕ, ಸುತ್ತಿಗೆಮದಭಂಜನ, ಸ್ಪ್ಯಾನರ್‌ದರ್ಪದಳನ, ಬಸ್ಸು ಬಂದಂದಿನಿಂದ ಕದಲದೆ ಕುಳಿತ ಯೋಗಿರಾಜ, ದೊಡ್ಡಸಿದ್ದಯ್ಯನವರ ಮೋಟಾರಿನ ಹಿಂದಿನ ಎಡಗಡೆ ಚಕ್ರದ ಗುಂಬ ಮಹಾಸ್ವಾಮಿಯವರ ಪಾದಾರವಿಂದಗಳಲ್ಲಿ, ಅದೇ ಮೋಟಾರಿನ ಕ್ಲೀನರೂ ಅದೇ ದೊಡ್ಡಸಿದ್ದಯ್ಯನವರ ಅಳಿಯನೂ ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನೂ ಆದ ಅಪ್ಪಾಜಿ ಮಾಡುವ ಸಾಷ್ಟಾಂಗ ವಿಜ್ಞಾಪನೆ: ದಯಮಾಡಿ ಹೊರಗೆ ಬನ್ನಿ.

ಬರಲಿಲ್ಲ. ಕತ್ತು ನೋವು. ಬಾಯೊಳಗೆಲ್ಲ ತುಕ್ಕಿನ ಪುಡಿ.

ಮೋಟಾರಿನವರು ಇದನ್ನು ಹಬ್ ಎನ್ನುತ್ತಾರೆ. ನಮ್ಮ ಗಾಡಿಯವರಿಗೆ ಗುಂಬ. ಚಕ್ರವೇನೋ ಸಲೀಸಾಗಿ ಬಂತು. ಅದರ ಹಿಂದೆ ಈ ಗುಂಬ ಅಚ್ಚಿನ ತುದಿಯನ್ನು ಕಚ್ಚಿಕೊಂಡು ಕೂತಿದೆ. ಇದು ಬಂದರೆ ಒಳಗಿನ ಬ್ರೇಕು ಕಾಣುತ್ತದೆ. ಬ್ರೇಕು ಕಂಡರೆ ನಿಂಗಯ್ಯನ ಲೈಸೆನ್ಸು ಉಳಿಯುತ್ತದೆ. ಲೋಕದಲ್ಲಿ ಮಹಾಯುದ್ಧ ನಡೆಯುತ್ತಿದೆಯಂತೆ. ನಮ್ಮ ಪಾಲಿಗೆ ಇದು.

ನಿಂಗಯ್ಯ ನಮ್ಮ ಡ್ರೈವರು. ಹೋದ ವಾರ ಮದ್ದೂರಿನಲ್ಲಿ, ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲು ಗ್ಯಾಸಿನ ಡಬ್ಬ ಕಟ್ಟಿಕೊಂಡ ನಮ್ಮ ಘನ ರಥ, ನಿಲ್ಲಬೇಕಾದ ಕಡೆ ನಿಲ್ಲದೆ ಮುಸಾಫಿರಖಾನೆಯ ಬೇಲಿ ಮುರಿದು ಒಳಗೆ ಹೋಯಿತು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಯಾರು? ಸಾಕ್ಷಾತ್ ಮೋಟಾರ್ ಇನ್‌ಸ್ಪೆಕ್ಟರ್ ಸಾಹೇಬರು. ಕಾಫಿ ಷರಾಯಿಯ ಮೇಲೆ. ‘ಬ್ರೇಕ್ ಇಡೀಲಿಲ್ಲ ಸ್ವಾಮಿ’ ಎಂದ ನಿಂಗಯ್ಯ. ‘ನೀನು ಕುಡಿದಿದ್ದೀಯ’ ಎಂದರು ಅವರು. ಲೈಸೆನ್ಸು ಅವರ ಜೇಬಿಗೆ ಹೋಯಿತು. ಇಪ್ಪತ್ತೈದಕ್ಕೆ ಮಳವಳ್ಳಿಗೆ ಬರುತ್ತಾರಂತೆ. ತಮ್ಮ ಕಣ್ಣೆದುರು ಬಿಚ್ಚಬೇಕಂತೆ; ಅಷ್ಟರೊಳಗೆ ಗುಂಬವನ್ನು ಸಡಿಲಿಸಿಡುವುದು ನಮ್ಮ ಕೆಲಸ. ಬ್ರೇಕು ಕೆಟ್ಟಿದ್ದು ಕಂಡರೆ ಸರಿ. ಇಲ್ಲದಿದ್ದರೆ ನಿಂಗಯ್ಯ ಬದುಕಿರುವವರೆಗೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ.

ಅವನು ಕುಡಿಯುವವನೇ ಆಗಿದ್ದರೆ ನನಗೆ ಸ್ವಲ್ಪ ಗೌರವವಾದರೂ ಇರುತ್ತಿತ್ತು. ಕಾಫಿಗೂ ಹಾಲು ಜಾಸ್ತಿ ಕೇಳುವ ಪ್ರಾಣಿ.

ಬಸ್ಸನ್ನು ಎತ್ತು ಕಟ್ಟಿ ಎಳೆಸಿ ತಂದು ಕಮ್ಮಾರ ದೇವಯ್ಯನ ಕುಲುಮೆಯ ಮುಂದೆ ನಿಲ್ಲಿಸಿದ್ದೇವೆ. ದಾರಿಯುದ್ದಕ್ಕೂ ಹುಡುಗರು ಹಿಂದೆ ಬಂದರು. ನಾನು ಮೆಟ್ಟಿಲ ಮೇಲೆ ನಿಂತು ಕೈಯೆತ್ತಿ ಆಶೀರ್ವಾದ ಮಾಡುತ್ತಾ ಬಂದೆ.

೧೩, ಬುಧವಾರ.

ಮಾವನವರು ಬೆಳಗ್ಗೆ ಬಂದರು. ಹೆಗಲ ವಸ್ತ್ರ ಕೊಡವಿ ಗುಂಬದ ಕಡೆ ನೋಡದೆ ಹೇಳಿದರು:

“ನಿಂಗಯ್ಯ, ಕುಡ್ದಿದ್ದೆ ಅಂತ ಒಪ್ಕೊಬುಡ್ಲಾ. ಬಸ್ಸಿನ ಎಸ್ರು ಉಳೀತದೆ. ಬೇರೆ ಡ್ರೈವರ್ನ ಆಕ್ಕತೀನಿ.”

“ನಾನು ಕುಡಿಯಾಕಿಲ್ವಲ್ಲ ಬುದ್ದಿ.”

“ಕುಡಿ ಅಂತ ಯಾರಂದ್ರು? ಕುಡ್ದಿದ್ದೆ ಅನ್ನು, ಸಾಕು.”

ನ್ಯಾಯಶಾಸ್ತ್ರವೇ ತಲೆ ತಗ್ಗಿಸಬೇಕಾದ ಮಾತು. ನಾನು ಎದ್ದು ನಿಂತು ಕೈಮುಗಿದೆ. ಮಾವನವರು “ಅಲ್ಲು ಕಿಸೀಬ್ಯಾಡ ನೀನು” ಎಂದರು. ನಿಂಗಯ್ಯ ಬಸ್ಸಿನ ಕೆಳಗೆ ತೂರಿದ. ಹೇಡಿ.

೧೪. ಸಂಕ್ರಾಂತಿ. ಸಂಜೆ.

ಊರಿನ ದನಗಳಿಗೆಲ್ಲ ಕಿಚ್ಚು ಹಾಯಿಸುವ ದಿನ ನಮ್ಮ ಮೋಟಾರಿಗೂ ಕಿಚ್ಚು. ದೇವಯ್ಯನ ಸಿದ್ಧಾಂತ.

“ಗಾಡಿ ಚಕ್ರುಕ್ಕೆ ಪಟ್ಟಿ ಎಂಗ್ಲಾ ಆಕ್ತೀವಿ? ಕಾಯ್ಸುದ್ರೆ ಕಬ್ಣ ಅರಳ್ತದೆ. ಇದೂ ಕಬ್ಣ ತಾನೆ? ಕಾಯ್ಸು, ಅರಳ್ಲಿ, ಎಳ್ಕೊ. ಅಷ್ಟೇ ಕಣ್ಲಾ ಕಾಲೇಜಪ್ಪ.”

ಒಪ್ಪಿದೆ. ಫಿಸಿಕ್ಸಿನಲ್ಲಿ ಫೇಲಾದವನು ಒಪ್ಪದೆ ಏನು ಮಾಡಲಿ. ಗುಂಬದ ಸುತ್ತ ಬೆರಣಿ ಒಟ್ಟಿ ಬೆಂಕಿ ಕೊಟ್ಟೆವು. ಸಂಕ್ರಾಂತಿಗೆ ಹೊಸ ಪಂಚೆ ಉಟ್ಟವರೆಲ್ಲ ಬಂದು ನೆರೆದರು. ಗುಂಬ ಕೆಂಪಡರಿತು. ನಿಂಗಯ್ಯ ಒಂದು ಕಡೆ, ನಾನು ಒಂದು ಕಡೆ, ಹಾರೆ ಹಾಕಿ ಮೀಟಿದೆವು. “ಅಲ್ಲಾಡ್ತು!” ಎಂದು ನಿಂಗಯ್ಯ ಕೂಗಿದ. ನಿಜ, ಕೂದಲೆಳೆಯಷ್ಟು ಕದಲಿತು…

ಆಗ ಬಂದಳು ಬೆಳ್ಳಮ್ಮ. ದೇವಯ್ಯನ ಹೆಂಡತಿ. ಕೊಡ ಎತ್ತಿ ಸುರಿದೇಬಿಟ್ಟಳು. ಬುಸ್ಸ್ ಎಂದಿತು. ಆವಿಯಲ್ಲಿ ಯಾರ ಮುಖವೂ ಕಾಣಲಿಲ್ಲ. ಜನವೆಲ್ಲ “ಕಚ್ಕತ್ತು! ಕಚ್ಕತ್ತು!” ಎಂದು ಚಪ್ಪಾಳೆ ಹೊಡೆದರು. ದೇವಯ್ಯನೂ ಹೊಡೆದ!

ಗಾಡಿ ಚಕ್ರಕ್ಕೆ ಕಾದ ಪಟ್ಟಿ ತೊಡಿಸಿ ನೀರು ಹೊಯ್ದರೆ ಪಟ್ಟಿ ಬಿಗಿದು ಮರವನ್ನು ಕಚ್ಚುತ್ತದೆ. ನೀರು ಹೊಯ್ಯುವುದು ಬೆಳ್ಳಮ್ಮನ ಕೆಲಸ. ಮದುವೆಯಾಗಿ ಬಂದಾಗಿನಿಂದ. ಯಾರೂ ಹೇಳಬೇಕಾಗಿಲ್ಲ. ನಮಗೆ ಬಿಡಿಸಬೇಕಾಗಿತ್ತು, ಬಿಗಿಸಬೇಕಾಗಿರಲಿಲ್ಲ. ಇದು ಆವಿ ಚದುರಿದ ಮೇಲೆ ಒಬ್ಬೊಬ್ಬರಿಗೇ ಹೊಳೆಯಿತು. ಚಪ್ಪಾಳೆ ಒಂದೊಂದಾಗಿ ನಿಂತಿತು.

“ಯಾಕಮ್ಮೀ ನೀರುಯ್ದೆ?” ಎಂದ ದೇವಯ್ಯ.

“ಬೆಂಕಿ ಮಾಡ್ದೋರು ನೀವು. ನೀರುಯ್ಯದೆ ಇನ್ನೇನು ಎಳ್ಳು ಬೀರ್ಲಾ?”

ಗುಂಬ ಈಗ ಮೊದಲಿಗಿಂತ ಭದ್ರ. ಪ್ರಳಯಕ್ಕೂ ಬಿಚ್ಚದು.

೧೫.

ಬರೆಯುವಂಥದ್ದು ಏನೂ ಇಲ್ಲ. ನಿಂಗಯ್ಯ ಊಟ ಮಾಡಲಿಲ್ಲ. ನಾನು ಅವನದನ್ನೂ ಮಾಡಿದೆ.

೧೮, ಸೋಮವಾರ.

ಒಂದು ವಿಷಯ ಇವತ್ತು ಹೊಳೆಯಿತು. ಸಂಕ್ರಾಂತಿಯ ಹೊಗೆಯಲ್ಲಿ ಸುಟ್ಟ ಎಣ್ಣೆಯ ವಾಸನೆ ಇತ್ತು. ಅಂದರೆ ನಿಂಗಯ್ಯ ಹೇಳಿದ್ದು ನಿಜ, ಅಚ್ಚಿನ ಎಣ್ಣೆ ಸೋರಿ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕಿನ ಲೈನಿಂಗು ನೆನೆದಿದೆ. ಅಂದರೆ ನಾವು ಅವನ ಸಾಕ್ಷಿಯನ್ನೇ ಸುಡುತ್ತಿದ್ದೆವು. ಎಷ್ಟು ಉಳಿದಿದೆಯೋ. ಇನ್ನು ಬೆಂಕಿ ಕೂಡದು.

ನೂಕುವುದು, ಮೀಟುವುದು ಸಾಕು. ಎಳೆಯುವ ಯಂತ್ರ ಬೇಕು. ಬೆಂಗಳೂರಿನಲ್ಲಿ ಸಿಗುತ್ತದಂತೆ, ಆದರೆ ಯುದ್ಧಕಾಲ, ಎಲ್ಲಾ ಮಿಲಿಟರಿಗೆ. ನೆಲದ ಮೇಲೆ ಇದ್ದಿಲಲ್ಲಿ ಬರೆದು ದೇವಯ್ಯನಿಗೆ ತೋರಿಸಿದೆ. ಮೂರು ಕಬ್ಬಿಣದ ಕಾಲು ಗುಂಬವನ್ನು ಹಿಂದಿನಿಂದ ಹಿಡಿಯಬೇಕು. ನಡುವೆ ಒಂದು ದಪ್ಪ ತಿರುಪು ಅಚ್ಚಿನ ತುದಿಯನ್ನು ಒತ್ತಬೇಕು. ತಿರುಪು ತಿರುಗಿಸಿದಷ್ಟೂ ಕಾಲುಗಳು ಗುಂಬವನ್ನು ಹೊರಗೆಳೆಯಬೇಕು.

“ಏಡಿ ಬರ್ದಿದ್ದೀಯಲ್ಲಾ,” ಎಂದ ದೇವಯ್ಯ. “ಸಾರು ಮಾಡೀಯಾ?”

ಕಾಲಿಗೆ ಗಾಡಿಯ ಹಳೇ ಪಟ್ಟಿ. ತಿರುಪಿಗೆ? ಕುಲುಮೆಯ ಮೂಲೆಯಲ್ಲಿ ಹೊಳಲು ಊರಿನವರ ಕಬ್ಬಿನ ಗಾಣ ರಿಪೇರಿಗೆ ಬಂದು ಬಿದ್ದಿದೆ. ಅದರ ಉರುಳೆಗಳನ್ನು ಬಿಗಿಮಾಡುವ ತಿರುಪು, ನನ್ನ ಮುಂಗೈ ದಪ್ಪ. ಕಣ್ಣು ಹಾಕಿದೆ.

“ಅದ ಮುಟ್ಟೀಯ! ಒಳಲೋರು ನನ್ನೇ ಗಾಣಕ್ಕೆ ಕೊಡ್ತಾರೆ.”

“ಕೊಟ್ಟರೆ ಕೊಡಲಿ ದೇವಯ್ಯ. ಒಂದು ಹನಿ ರಸ ಬಂದೀತಾ ನಿನ್ನಿಂದ?”

ಸುತ್ತಿಗೆ ಬೀಸಿದ. ತಪ್ಪಿಸಿಕೊಂಡೆ. ತಿರುಪು ಕೊಟ್ಟ.

೨೦, ಬುಧವಾರ.

ಏಡಿ ತಯಾರು. ಇಷ್ಟು ಕುರೂಪವಾದ ವಸ್ತುವನ್ನು ನಾನು ಕಂಡಿಲ್ಲ, ಮಾವನವರನ್ನೂ ಲೆಕ್ಕಕ್ಕೆ ತೆಗೆದುಕೊಂಡು.

ಗುಂಬಕ್ಕೆ ಕೊಕ್ಕೆ ಹಾಕಿ ತಿರುಪು ಬಿಗಿದೆವು. ಕಿರ್ ಎಂದಿತು. ಇನ್ನೊಂದು ಸುತ್ತು… ಮೂರೂ ಕಾಲು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಅಗಲಿಸಿ ನೆಟ್ಟಗಾದವು. ಏಡಿ ಜಾರಿ ನಿಂಗಯ್ಯನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಯಿತು.

“ಬುಡು ಕಾಲೇಜಪ್ಪ,” ಎಂದ. “ಆಲೆಮನೇಲಿ ಒಲೆಗೆ ಸಿಪ್ಪೆ ತಳ್ಳಾಕೆ ಆಳು ಬೇಕಂತೆ. ಓಯ್ತೀನಿ.”

“ಹೋಗು ನಿಂಗಣ್ಣ. ಅಲ್ಲಿಯ ಒಲೆಗೂ ಬ್ರೇಕಿಲ್ಲ. ನಿನಗೆ ಹೊಂದುತ್ತದೆ.”

ಅವನು ನಗಲಿಲ್ಲ. ಸಾಮಾನ್ಯವಾಗಿ ಬಯ್ಯುತ್ತಾನೆ, ನನ್ನ ಅಪ್ಪ, ತಾತ, ಕಾಲೇಜು, ಎಲ್ಲವನ್ನೂ ಸಾಲಾಗಿ. ಇವತ್ತು ಬಯ್ಯಲೂ ಇಲ್ಲ. ಬೆರಳು ಬಾಯಲ್ಲಿಟ್ಟುಕೊಂಡು ಹೊರಟುಹೋದ. ನಿಷ್ಪ್ರಯೋಜಕ ಮನುಷ್ಯ. ಬಯ್ಯಲೂ ಬಾರದವನು ಡ್ರೈವರ್ ಆಗಿ ಏನು ಮಾಡಬೇಕು.

೨೩, ಶನಿವಾರ.

ಮೂರು ದಿನ ಕುಲುಮೆಯಲ್ಲೇ. ಕೈ ತುಂಬ ಬೊಬ್ಬೆ. ತಿದಿ ಒತ್ತಿದ್ದು ನಾನು. ಬೆಳ್ಳಮ್ಮ ನನ್ನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು “ಎಮ್ಮೆ ಉಸುರು ಬುಟ್ಟಂಗೆ ಒತ್ತೀಯಲ್ಲಾ” ಎನ್ನುತ್ತಿದ್ದಳು.

ಕೊಕ್ಕೆ ಬೇಡ. ಚಕ್ರ ಬಿಚ್ಚಿದ ಮೇಲೂ ಗುಂಬದ ಮುಖದಲ್ಲಿ ಚಕ್ರದ ಬೋಲ್ಟುಗಳು ಚಾಚಿಕೊಂಡೇ ಇರುತ್ತವೆ. ಏಡಿಯ ಕಾಲುಗಳಿಗೆ ತೂತು ಹೊಡೆದು ಆ ಬೋಲ್ಟುಗಳಿಗೇ ನಟ್ಟು ಹಾಕಿ ಬಿಗಿದರೆ ಎಲ್ಲಿಗೆ ಜಾರುತ್ತದೆ? ಕಣ್ಣೆದುರಿಗೇ ಇತ್ತು. ಇಷ್ಟು ದಿನ ಕಾಣಲಿಲ್ಲ. ಮಳವಳ್ಳಿ ತಾಲ್ಲೂಕಿನ ಸಮಸ್ತ ದಡ್ಡರ ಸಭೆಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಆರಿಸಿಕೊಂಡಿದ್ದೇನೆ. ಅವಿರೋಧವಾಗಿ.

ಸಂಜೆ ಆಲೆಮನೆಗೆ ಹೋಗಿ ನಿಂಗಯ್ಯನಿಗೆ ಸೋಮವಾರ ಬಾ ಎಂದೆ. ಒಲೆಯ ಬಾಯಲ್ಲಿ ಕೂತಿದ್ದ. ರೆಪ್ಪೆ ಸುಟ್ಟಿತ್ತು. “ಬಂದು ಏನು ಮಾಡ್ಲಿ?” ಎಂದ. “ಸಾಹೇಬರು ಬರುತ್ತಾರೆ, ಕುರ್ಚಿ ಹಾಕಬೇಕು” ಎಂದೆ.

೨೫, ಸೋಮವಾರ.

ಬಂದ. ಕುರ್ಚಿಯನ್ನೂ ಹಾಕಿದ!

ಸಾಹೇಬರು ಮಂಡ್ಯದಿಂದ ಕಾರಿನಲ್ಲಿ ಆಗಮಿಸಿದರು. ಬೇರೆ ಷರಾಯಿ. ಮಾವನವರು ಬೆಲ್ಲದ ಅಚ್ಚು, ಎಳನೀರು ಹಿಡಿದುಕೊಂಡು ಬಗ್ಗಿ ಬಗ್ಗಿ ಕುಡುಗೋಲಿನಂತಾಗಿದ್ದರು. ಬೆಳ್ಳಮ್ಮ ತುಂಬಿದ ಕೊಡದೊಂದಿಗೆ ಸಿದ್ಧ. ಬೆಂಕಿಯೇ ಇಲ್ಲ. ಆದರೂ.

ಏಡಿಯನ್ನು ಕಂಡು ಸಾಹೇಬರು ಕೇಳಿದರು, “ಇದೇನಿದು?”

“ಸ್ವಾಮಿ, ಮಳವಳ್ಳಿ ಕುಲುಮೆಯ ಲಂಡನ್ ಮಾಲು” ಎಂದೆ.

“ಅರ್ಧ ಗಂಟೆ ಕೊಡ್ತೀನಿ” ಎಂದರು.

ನಟ್ಟು ಹಾಕಿ ಬಿಗಿದೆವು. ತಿರುಪಿಗೆ ಉದ್ದನೆಯ ಹಾರೆ ತೂರಿಸಿ ನಾನೂ ನಿಂಗಯ್ಯನೂ ಎದುರುಬದುರಾಗಿ ಸುತ್ತಿದೆವು. ಬಸ್ಸೇ ಕಿರುಗುಟ್ಟಿತು. ಹಾರೆ ಬಾಗಿತು. ಗುಂಬ ಹಾಗೇ. ಇನ್ನು ಒಂದು ಕಾಲು ಸುತ್ತು ಹಾಕಿದರೆ ಹೊಳಲಿನವರ ತಿರುಪಿನ ಹಲ್ಲು ಹಾರುತ್ತದೆ ಎಂದು ದೇವಯ್ಯ ಕಿರುಚಿದ. ಸಾಹೇಬರು ಗಡಿಯಾರ ನೋಡಿದರು. ಮಾವನವರು “ಬುಡ್ರಲಾ, ಒಪ್ಕೊಬುಡು ನಿಂಗಯ್ಯ” ಎಂದರು. ನಿಂಗಯ್ಯ ಹಾರೆಯ ಮೇಲಿಂದ ಕೈ ತೆಗೆದ.

“ಇಡ್ಕೊಳಲಾ!” ಎಂದು ಕೂಗಿದೆ. ‘ಲಾ’ ಹಚ್ಚಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ.

ಹಿಡಿದ. ಕಾಲು ಸುತ್ತು ಹಾಕಿದೆವು. ದೇವಯ್ಯ ಕಣ್ಣು ಮುಚ್ಚಿ ತಿರುಪಿನ ನೆತ್ತಿಗೆ ಸಮ್ಮಟಿಗೆಯಿಂದ ಒಂದು ಬಿಟ್ಟ.

ಟಣ್.

ಗುಂಬ ಮಹಾಸ್ವಾಮಿಯವರು ಏಡಿಸಮೇತ ನನ್ನ ಎದೆಯ ಮೇಲೆ ದಯಮಾಡಿಸಿದರು. ಬಿದ್ದೆ. ಬೆಳ್ಳಮ್ಮ ಕೊಡ ಸುರಿದಳು — ನನ್ನ ಮೇಲೆ.

ನಾನು ಎದ್ದು ಕೂರುವಷ್ಟರಲ್ಲಿ ಸಾಹೇಬರು ಬಗ್ಗಿದ್ದರು. ಲೈನಿಂಗಿನ ಒಂದು ಅಂಚು ಸುಟ್ಟು ಇದ್ದಿಲಾಗಿತ್ತು. ಉಳಿದದ್ದು ಒಬ್ಬಟ್ಟಿನಂತೆ ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿತ್ತು. ಬೆರಳಿಟ್ಟರು. ಮೂಗಿಗೆ ಹಿಡಿದರು. ಹೆಂಡದ ವಾಸನೆ ಹುಡುಕುತ್ತಿದ್ದರೋ ಏನೋ.

“ಇದು ಹೇಗೆ ನಿಲ್ಲುತ್ತೆ” ಎಂದರು, ತಮಗೇ.

“ಅದೇ ಸ್ವಾಮಿ ನಾನಂದದ್ದು” ಎಂದ ನಿಂಗಯ್ಯ.

ಜೇಬಿನಿಂದ ಲೈಸೆನ್ಸು ಬಂತು. ನಿಂಗಯ್ಯ ಎಣ್ಣೆಗೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಆಮೇಲೆ ತೆಗೆದುಕೊಂಡ. ಸಾಹೇಬರು ಕ್ಷಮೆ ಕೇಳಲಿಲ್ಲ; ಎಳನೀರು ಕುಡಿದು ಹೋದರು. ಮಾವನವರು “ನಾನು ಮೊದ್ಲೇ ಏಳ್ನಿಲ್ವಾ, ನಮ್ ನಿಂಗಯ್ಯ ಚಿನ್ನದಂತೋನು ಅಂತ” ಎಂದು ಊರಿಗೆಲ್ಲ ಸಾರಿದರು. ಈ ಸಲ ಕೈಮುಗಿಯಲೂ ನನಗೆ ಮನಸ್ಸು ಬರಲಿಲ್ಲ.

ನಿಂಗಯ್ಯ ನನ್ನ ಹತ್ತಿರ ಬಂದು ನಿಂತ. “ಲೇ, ಇಡ್ಕೊಳಲಾ ಅಂದ್ಯಲ್ಲ, ನಿಮ್ಮಪ್ಪನ್ಗೂ ಇಂಗೇ ಅಂತೀಯೇನ್ಲಾ ಬೇವಾರ್ಸಿ?” ಎಂದು ಶುರುಮಾಡಿದ. ತಾತನವರೆಗೂ ಹೋದ.

೨೬.

ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲು, ಹೊಸ ಲೈನಿಂಗು ಮಂಡ್ಯದಿಂದ ಬರಬೇಕು. ತಿರುಪು ಹೊಳಲಿನವರ ಗಾಣಕ್ಕೆ ವಾಪಸ್ಸು ಹೋಯಿತು. ಎಲ್ಲ ಮುಗಿಯಿತು. ಈ ದಡ್ಡರ ಸಂತೆಯಲ್ಲಿ ನಾನು ಕಾಲ ಕಳೆದದ್ದು ಬರೀ ತಮಾಷೆಗೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಂಗಯ್ಯನ ಲೈಸೆನ್ಸು ಇದ್ದರೆಷ್ಟು, ಹೋದರೆಷ್ಟು.

ನಾಳೆ ರಜ ಕೇಳಿದ್ದೇನೆ. ಯಾಕೆ ಎಂದರು ಮಾವನವರು. ಹಲಗೂರಿನಲ್ಲಿ ಕೆಲಸ ಎಂದೆ. ಅಲ್ಲ. ಹಲಗೂರಿನಿಂದ ಮುಂದೆ ಮುತ್ತತ್ತಿಯ ಗುಡಿಗೆ ನಡೆದು ಹೋಗಬೇಕು. ಆ ಕೊನೆಯ ಕಾಲು ಸುತ್ತಿನಲ್ಲಿ, ಹಾರೆ ಬಾಗಿದಾಗ… ಮುತ್ತತ್ತಿರಾಯ, ಇವನ ಲೈಸೆನ್ಸು ಉಳಿಸು, ಮುಡಿ ಕೊಡುತ್ತೇನೆ ಎಂದು ಬೇಡಿಕೊಂಡೆ. ಮನಸ್ಸಿನಲ್ಲೂ ಅಲ್ಲ, ಬಾಯಿಬಿಟ್ಟು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಬೋಳಿಸಿಕೊಂಡು ಬಂದ ಮೇಲೆ ನಿಂಗಯ್ಯ ಕೇಳುತ್ತಾನೆ. ಹೇನು ಎನ್ನುತ್ತೇನೆ. ಅವನು ನಂಬದಿದ್ದರೆ ಬಯ್ಯಲಿ, ತಾತನವರೆಗೂ.